ಶಹಾಬಾದ್ ಕಲ್ಲಿನ ಮೇಲೆ ಉರುಳಿದ ಸೋಡಾ ಬಾಟ್ಲಿ

ಕತ್ತಲಲ್ಲಿ ಯಾರೋ ಸೋಡಾ ಬಾಟ್ಲಿ ಕೈಬಿಟ್ಟರು. ಒಡೆಯಲಿಲ್ಲ. ನೆಲಕ್ಕೆ ಬಿದ್ದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಉರುಳತೊಡಗಿತು. ಗರ್ರ್ ಅಂತ ಸದ್ದು. ಕುರ್ಚಿ ಕಾಲಿಗೆ ಟಣ್ ಅಂತ ಬಡಿದು, ದಾರಿ ಬದಲಿಸಿ, ಮತ್ತೆ ಗರ್ರ್. ಪರದೆ ಮೇಲೆ ಹೀರೋಯಿನ್ ಅಳುತ್ತಿದ್ದಳು. ಇಡೀ ಟಾಕೀಸು ಅವಳನ್ನು ಬಿಟ್ಟು ಬಾಟ್ಲಿಗೆ ಕಿವಿ ಕೊಟ್ಟಿತ್ತು. ಬಾಲ್ಕನಿ ಕೆಳಗಿಂದ ಹೊರಟ ಅದು ಸೆಕೆಂಡ್ ಕ್ಲಾಸ್ ದಾಟಿ, ಬೆಂಚುಗಳ ಕೆಳಗೆ ನುಗ್ಗಿ, ಕೊನೆಗೆ ಪರದೆ ಕೆಳಗಿನ ಕಟ್ಟೆಗೆ ಬಡಿದು ನಿಂತಿತು. ಮುಂದೆ ಕೂತವರು ಚಪ್ಪಾಳೆ ಹೊಡೆದರು. "ಮುಟ್ತ್ ನೋಡ್ರಪಾ ಮನಿ" ಅಂತ ಯಾರೋ ಕೂಗಿದ. ಆ ಸಿನಿಮಾದ ಹೆಸರು ನನಗೆ ನೆನಪಿಲ್ಲ. ಬಾಟ್ಲಿ ನೆನಪಿದೆ.

ಕಲಬುರಗಿಯ ಟಾಕೀಸುಗಳ ಬಗ್ಗೆ ಬರೆಯಬೇಕು ಅಂತ ಕೂತಾಗಲೆಲ್ಲ ನನಗೆ ಮೊದಲು ಬರುವುದು ಈ ಸದ್ದೇ. ಯಾಕೆ ಅಂದರೆ ನೆಲ ಇಳಿಜಾರು, ಮತ್ತು ಆ ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ನಮ್ಮ ಕಡೆ ಮನೆ, ಮಠ, ಸ್ಕೂಲು, ಬಸ್‌ಸ್ಟ್ಯಾಂಡ್ ಎಲ್ಲದಕ್ಕೂ ಅದೇ ಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳಿಂದ ಬರುವ ಬೂದು ನೀಲಿ ಬಣ್ಣದ ಹಾಸು. ಗಟ್ಟಿ, ಅಗ್ಗ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ತಂಪು. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ಸುಡುವ ಊರಿದು. ಮಧ್ಯಾಹ್ನ ಮನೆಯ ತಗಡಿನ ಕೆಳಗೆ ಕೂತು ಬೇಯುವುದಕ್ಕಿಂತ ಮ್ಯಾಟ್ನಿಗೆ ಹೋಗಿ ಚಪ್ಪಲಿ ಕಳಚಿ ಆ ಕಲ್ಲಿನ ಮೇಲೆ ಅಂಗಾಲು ಊರಿ ಕೂರುವುದು ಎಷ್ಟೋ ವಾಸಿ. ನಮ್ಮ ಅವ್ವ, ಚಿಗವ್ವ, ಪಕ್ಕದ ಮನೆಯವರು ಎಲ್ಲ ಸೇರಿ ಬೇಸಿಗೆಯಲ್ಲಿ ಎಷ್ಟು ಪಿಚ್ಚರ್ ನೋಡಿದ್ದಾರೋ ಲೆಕ್ಕವಿಲ್ಲ. ಅರ್ಧ ಸಿನಿಮಾ ಅವರು ನಿದ್ದೆಯಲ್ಲೇ ಕಳೆದರು ಅನ್ನುವುದು ಬೇರೆ ಮಾತು.

ನಾನು ಹೇಳುತ್ತಿರುವ ಟಾಕೀಸಿನ ಹೆಸರು ಇಲ್ಲಿ ಬರೆಯುವುದಿಲ್ಲ. ಮಾಲೀಕರ ಮನೆಯ ಅಣ್ಣತಮ್ಮಂದಿರ ಜಗಳ ಕೋರ್ಟಿಗೆ ಹೋಗಿತ್ತು. ನನ್ನ ಬರಹ ಅದಕ್ಕೊಂದು ಕಾಗದ ಆಗುವುದು ಬೇಡ. ಊರಿನವರಿಗೆ ಹೇಗೂ ಗೊತ್ತಾಗುತ್ತದೆ.

ನಮ್ಮ ಅಜ್ಜನಿಗೆ ಕನ್ನಡ ಮಾತು ಬರುತ್ತಿತ್ತು, ವಚನ ಬಾಯಿಪಾಠ ಇತ್ತು, ಆದರೆ ಓದು ಬರಹ ಉರ್ದು. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಅವರು ಓದಿದ್ದು ನಿಜಾಮರ ಕಾಲದಲ್ಲಿ. ಕಚೇರಿ ಉರ್ದು, ಮೇಲಿನ ಶಾಲೆ ಉರ್ದು. ಕಿರಾಣಿ ಲೆಕ್ಕವನ್ನೂ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಆಗಿನ ಹಿಂದಿ ಸಿನಿಮಾಗಳ ಹೆಸರು ಪರದೆ ಮೇಲೆ ಮೂರು ಲಿಪಿಗಳಲ್ಲಿ ಬರುತ್ತಿತ್ತು: ಇಂಗ್ಲಿಷ್, ದೇವನಾಗರಿ, ಉರ್ದು. ಅಪ್ಪ ಹಿಂದಿ ಓದುತ್ತಿದ್ದರು. ನಾನು ಸ್ಕೂಲಿನಲ್ಲಿ ಹೊಸದಾಗಿ ಕಲಿತ ಇಂಗ್ಲಿಷ್ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಅಜ್ಜ ಉರ್ದು ಓದಿ ಎಲ್ಲರಿಗಿಂತ ಮೊದಲು ಹೆಸರು ಹೇಳಿಬಿಡುತ್ತಿದ್ದರು. ಒಂದೇ ಸಾಲಿನಲ್ಲಿ ಕೂತ ಮೂರು ತಲೆಮಾರು, ಮೂರು ಲಿಪಿ. ನಾಲ್ಕನೆಯದು, ನಮ್ಮ ಮನೆಮಾತಿನದು, ಪರದೆ ಮೇಲೆ ಇರುತ್ತಿರಲಿಲ್ಲ.

ಇದಕ್ಕೊಂದು ಹಿನ್ನೆಲೆ ಇದೆ. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಆದರೆ ಸಿನಿಮಾ ವ್ಯಾಪಾರದವರು ಈ ಸುದ್ದಿಯನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಹಿಂದಿ ಸಿನಿಮಾ ಹಂಚುವವರು ದೇಶವನ್ನು ಸರ್ಕ್ಯೂಟುಗಳಾಗಿ ಮಾಡಿಕೊಂಡಿದ್ದಾರೆ. ಅದರಲ್ಲಿ ಒಂದರ ಹೆಸರು ನಿಜಾಮ್. ಇವತ್ತಿಗೂ ಅದೇ ಹೆಸರು. ತೆಲಂಗಾಣ, ಮರಾಠವಾಡದ ಜಿಲ್ಲೆಗಳು, ಜೊತೆಗೆ ನಮ್ಮ ಕಡೆಯ ಜಿಲ್ಲೆಗಳು ಆ ನಿಜಾಮ್ ಒಳಗೆ. ಬೆಂಗಳೂರು ಕಡೆಯದು ಮೈಸೂರು ಸರ್ಕ್ಯೂಟ್. ಬೆಳಗಾವಿ, ಧಾರವಾಡ ಕಡೆಯದು ಮುಂಬೈ ಲೆಕ್ಕಕ್ಕೆ. ರಾಜ್ಯ ಒಂದಾಯಿತು, ಊರಿನ ಹೆಸರು 2014ರಲ್ಲಿ ಕಲಬುರಗಿ ಆಯಿತು, 2019ರಲ್ಲಿ ಈ ಭಾಗ ಕಲ್ಯಾಣ ಕರ್ನಾಟಕ ಆಯಿತು. ಬಾಕ್ಸ್ ಆಫೀಸ್ ಲೆಕ್ಕದ ಪುಸ್ತಕದಲ್ಲಿ ಮಾತ್ರ ನಾವಿನ್ನೂ ನಿಜಾಮರ ಪ್ರಜೆಗಳು!

ಇದು ಬರೀ ಹೆಸರಿನ ಮಾತಲ್ಲ. ಹೈದರಾಬಾದ್ ನಮಗೆ ಸುಮಾರು 220 ಕಿಲೋಮೀಟರ್. ಬೆಂಗಳೂರು ಸುಮಾರು 600. ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ 1874ರಲ್ಲೇ ಬಿದ್ದಿತ್ತು. ಹಿಂದಿ, ತೆಲುಗು ಸಿನಿಮಾದ ಡಬ್ಬಿಗಳು ಅತ್ತಲಿಂದ ಬೇಗ ಬರುತ್ತಿದ್ದವು. ಕನ್ನಡ ಸಿನಿಮಾದ ಪ್ರಿಂಟ್ ಬೆಂಗಳೂರಿನ ಗಾಂಧಿನಗರದಿಂದ ಹೊರಡಬೇಕು. ಇರುತ್ತಿದ್ದುದೇ ಕೆಲವು ಪ್ರಿಂಟು. ಅವು ದೊಡ್ಡ ಊರುಗಳಲ್ಲಿ ಓಡಿ, ಸಣ್ಣ ಊರುಗಳಲ್ಲಿ ಓಡಿ, ಕೊನೆಗೆ ನಮ್ಮ ಕಡೆ ಬರುವಷ್ಟರಲ್ಲಿ ಪರದೆ ತುಂಬ ಗೀರು. ರಾಜಕುಮಾರ್ ಬಿಸಿಲಲ್ಲಿ ನಿಂತಿದ್ದರೂ ಮಳೆ ಸುರಿಯುತ್ತಿರುವ ಹಾಗೆ ಕಾಣುತ್ತಿತ್ತು. ನೂರು ದಿನದ ಸಂಭ್ರಮ ಪೇಪರಿನಲ್ಲಿ ಓದಿ ಮುಗಿಸಿದ ಎಷ್ಟೋ ದಿನಕ್ಕೆ ನಮ್ಮಲ್ಲಿ ಮೊದಲ ದಿನ. "ಬೆಂಗಳೂರಾಗ ಸೀರಿ ಹಳೀದಾದ ಮ್ಯಾಲ ನಮಗ ಕೊಡ್ತಾರ" ಅಂತ ನಮ್ಮ ಚಿಗವ್ವ ಹೇಳುತ್ತಿದ್ದಳು. ಸಿನಿಮಾಕ್ಕೋ, ಎಲ್ಲದಕ್ಕೋ, ಗೊತ್ತಿಲ್ಲ.

ಇನ್ನೊಂದು ತಮಾಷೆ. ಕನ್ನಡದ ಮೊದಲ ಮಾತಿನ ಚಿತ್ರ 1934ರ 'ಸತಿ ಸುಲೋಚನಾ'. ಅದರ ಶೂಟಿಂಗ್ ನಡೆದದ್ದು ಕೊಲ್ಹಾಪುರದಲ್ಲಿ. ಅಂದರೆ ಕನ್ನಡ ಟಾಕಿ ಹುಟ್ಟಿದ್ದು ಬೆಂಗಳೂರಿಗಿಂತ ನಮಗೇ ಹತ್ತಿರದ ಊರಲ್ಲಿ. ಆದರೂ ಅದು ನಮ್ಮ ಹತ್ತಿರ ಬರುವುದು ಸುತ್ತು ಹೊಡೆದು.

ಟಾಕೀಸಿನಲ್ಲಿ ನನಗೆ ಎಲ್ಲಕ್ಕಿಂತ ಆಸೆ ಇದ್ದದ್ದು ಆಪರೇಟರ್ ರೂಮಿನ ಮೇಲೆ. ಕಟ್ಟಡದ ಹಿಂದುಗಡೆ, ಹೊರಗೋಡೆಗೆ ಅಂಟಿಕೊಂಡು ಒಂದು ಕಬ್ಬಿಣದ ಏಣಿಮೆಟ್ಟಿಲು. ಅದನ್ನು ಹತ್ತಿದರೆ ಸಣ್ಣ ಬಾಗಿಲು. ಒಳಗಿನಿಂದ ಯಾಕೆ ದಾರಿ ಇಲ್ಲ ಅಂತ ಬಹಳ ದಿನ ಯೋಚನೆ ಮಾಡಿದ್ದೆ. ಮೊದಲಿನ ಕಾಲದ ಫಿಲ್ಮು ನೈಟ್ರೇಟಿನದು. ಬೆಂಕಿ ಹತ್ತಿತೋ, ನೀರು ಹಾಕಿದರೂ ಆರದು. 1950ರ ದಶಕದ ಹೊತ್ತಿಗೆ ಆ ಫಿಲ್ಮು ಹೋಗಿ ಬೆಂಕಿಗೆ ಸುಲಭಕ್ಕೆ ಜಗ್ಗದ ಫಿಲ್ಮು ಬಂತು. ಆದರೆ ಟಾಕೀಸು ಕಟ್ಟುವ ರೀತಿ ಹಾಗೇ ಉಳಿಯಿತು. ದಪ್ಪ ಗೋಡೆ, ಬೇರೆ ಮೆಟ್ಟಿಲು, ಹಾಲಿನ ಕಡೆಗೆ ಸಣ್ಣ ಸಣ್ಣ ಚೌಕದ ಕಿಂಡಿ, ಆ ಕಿಂಡಿಗೆ ಮೇಲಿಂದ ಬೀಳುವ ಕಬ್ಬಿಣದ ಮುಚ್ಚಳ. ಬೆಂಕಿ ಬಿದ್ದರೆ ಆಪರೇಟರ್ ಇರುವ ಕೋಣೆಯಲ್ಲೇ ಬೀಳಲಿ, ಜನರ ಕಡೆ ಬರದಿರಲಿ ಅಂತ.

ಅಲ್ಲಿದ್ದ ಆಪರೇಟರ್ ಚಾಚಾ ಒಂದು ದಿನ ನನ್ನನ್ನು ಮೇಲೆ ಕರೆದರು. ಎರಡು ಮಷಿನ್, ಆನೆಮರಿಗಳ ಹಾಗೆ ಅಕ್ಕಪಕ್ಕ. ಒಂದೊಂದರ ಹಿಂದೆ ದೀಪದ ಪೆಟ್ಟಿಗೆ. ಒಳಗೆ ಬಲ್ಬಿಲ್ಲ. ತಾಮ್ರ ಬಳಿದ ಎರಡು ಕಾರ್ಬನ್ ಕಡ್ಡಿ, ಎದುರುಬದುರು. ಕರೆಂಟ್ ಬಿಟ್ಟು ತುದಿಗೆ ತುದಿ ತಾಗಿಸಿ ಸ್ವಲ್ಪ ಹಿಂದೆ ಎಳೆದರೆ ಚುರ್ ಅಂತ ಬೆಳ್ಳಿ ಬೆಳಕು. ಕಡ್ಡಿ ಉರಿಯುತ್ತಾ ಸವೆಯುತ್ತದೆ, ಸಂದು ದೊಡ್ಡದಾಗುತ್ತದೆ, ಬೆಳಕು ಕೆಂಪಾಗುತ್ತದೆ. ಹಾಗಾಗಿ ಅದರ ಮೇಲೆ ಸದಾ ಒಂದು ಕಣ್ಣು ಇರಬೇಕು. ಕಪ್ಪು ಗಾಜಿನಲ್ಲಿ ಇಣುಕಿ ನೋಡುತ್ತಾ ಚಾಚಾ ಹಿಡಿಕೆ ತಿರುಗಿಸುತ್ತಿದ್ದರು, ಸ್ಟೋವಿನ ಉರಿ ಸಣ್ಣ ದೊಡ್ಡ ಮಾಡಿದ ಹಾಗೆ. ಸುಟ್ಟು ಉಳಿದ ತುಂಡು ನಮಗೆ ಕೊಡುತ್ತಿದ್ದರು. ಕಟ್ ಆದ ಫಿಲ್ಮಿನ ಚೂರೂ ಸಿಗುತ್ತಿತ್ತು. ಹಾಳಾದ ಬಲ್ಬಿನೊಳಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಒಳಗೆ ಹಾಯಿಸಿ, ನಮ್ಮ ಮನೆ ಗೋಡೆ ಮೇಲೆ ನಾವೂ ಟಾಕೀಸು ನಡೆಸುತ್ತಿದ್ದೆವು. ಟಿಕೆಟ್ಟಿಗೆ ಐದು ಹುಣಸೆ ಬೀಜ.

ಎರಡೂವರೆ ತಾಸಿನ ಸಿನಿಮಾ ಅಂದರೆ ಎಷ್ಟು ಫಿಲ್ಮು ಗೊತ್ತಾ? ನಿಮಿಷಕ್ಕೆ 90 ಅಡಿ ಓಡುತ್ತದೆ. ಒಟ್ಟು 13,500 ಅಡಿ. ನಾಲ್ಕು ಕಿಲೋಮೀಟರಿಗಿಂತ ಜಾಸ್ತಿ. ಒಂದು ಸಾವಿರ ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಎರಡು ಸುರುಳಿ ಕೂಡಿಸಿ ಹಾಕಿದರೂ ಇಪ್ಪತ್ತೆರಡು ನಿಮಿಷ. ಒಂದು ಮಷಿನ್ನಿನಲ್ಲಿ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಶುರುವಾಗಬೇಕು, ನೋಡುವವರಿಗೆ ಗೊತ್ತಾಗಬಾರದು. ಅದಕ್ಕೇ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಅದು ಮೊದಲ ಸೂಚನೆ, ಎರಡನೇ ಮಷಿನ್ ಚಾಲೂ ಮಾಡು ಅಂತ. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಬದಲಿಸಬೇಕು. ಹೋದ ವರ್ಷ ಚಾಚಾರನ್ನು ಹುಡುಕಿಕೊಂಡು ಹೋಗಿದ್ದೆ. ಈಗ ಮನೆ ಮುಂದಿನ ಪಡಸಾಲೆಯಲ್ಲಿ ಮಿಕ್ಸರ್, ಫ್ಯಾನ್ ರಿಪೇರಿ ಮಾಡುತ್ತಾರೆ. ನೀವು ಎಷ್ಟು ಸಿನಿಮಾ ನೋಡಿರಬಹುದು ಅಂತ ಕೇಳಿದೆ.

"ಪಿಚ್ಚರ್ ಎಲ್ಲಿ ನೋಡೀನಿ ಬೇಟಾ. ಪಬ್ಲಿಕ್ ಪಿಚ್ಚರ್ ನೋಡ್ತಿತ್ತು. ನಾ ಆ ಬಲಗಡಿ ಮೂಲಿ ನೋಡ್ಕೋತ ನಿಂತೀನಿ. ಈಗ ಮನ್ಯಾಗ ಟಿವಿ ಹಚ್ಚಿದ್ರೂ ಕಣ್ಣು ಅಲ್ಲೇ ಹೋಗ್ತದ."

ಅವರು ಹೇಳಿದ ಇನ್ನೊಂದು ಕಥೆ ಸೈಕಲ್ಲಿನದು. ಕೆಲವು ಸಲ ಎರಡು ಟಾಕೀಸಿಗೆ ಸೇರಿ ಒಂದೇ ಪ್ರಿಂಟ್ ಬರುತ್ತಿತ್ತು. ಒಂದು ಕಡೆ ಅರ್ಧ ತಾಸು ಮುಂಚೆ ಶೋ ಶುರು. ಮುಗಿದ ಸುರುಳಿಯನ್ನು ಡಬ್ಬಿಗೆ ಹಾಕಿ, ಸೈಕಲ್ ಕ್ಯಾರಿಯರಿಗೆ ಕಟ್ಟಿ, ಒಬ್ಬ ಹುಡುಗ ಇನ್ನೊಂದು ಟಾಕೀಸಿಗೆ ತುಳಿಯುತ್ತಿದ್ದ. ಅಲ್ಲಿಂದ ಖಾಲಿ ಬರುವಂತಿಲ್ಲ, ಓಡಿ ಮುಗಿದದ್ದನ್ನು ತರಬೇಕು. ಶರಣಬಸವೇಶ್ವರರ ಜಾತ್ರೆಯ ದಿನ, ಬಂದೇನವಾಜರ ಉರುಸಿನ ದಿನ, ರಸ್ತೆ ತುಂಬ ಜನ. ಹುಡುಗ ಸಿಕ್ಕಿಹಾಕಿಕೊಂಡ ಅಂದರೆ ಇತ್ತ ಪರದೆ ಬಿಳಿ. ಆಮೇಲೆ ಶಿಳ್ಳೆ, ಬೈಗುಳ, ಕುರ್ಚಿ ಬಡಿತ. ಒಮ್ಮೆ ಹುಡುಗ ಗಡಿಬಿಡಿಯಲ್ಲಿ ಡಬ್ಬಿ ಅದಲು ಬದಲು ಕೊಟ್ಟು, ಸತ್ತ ವಿಲನ್ ಎದ್ದು ಬಂದು ಮತ್ತೆ ಗಲಾಟೆ ಮಾಡಿದನಂತೆ. ಯಾರೂ ತಕರಾರು ಮಾಡಲಿಲ್ಲ. "ಒಂದ್ ಫೈಟಿಂಗ್ ಜಾಸ್ತಿ ಸಿಗ್ತಲ್ಲ" ಅಂತ ಖುಷಿಯಾಗಿ ಹೋದರು ಅಂತ ಚಾಚಾ ನಕ್ಕರು. ಇದನ್ನು ಎಷ್ಟು ನಂಬಬೇಕೋ ನಿಮಗೆ ಬಿಟ್ಟದ್ದು.

ಟಿಕೆಟ್ ಕಿಂಡಿ, ತಗಣಿ, ಇಂಟರ್‌ವಲ್ಲಿನ ಮಿರ್ಚಿ ಭಜಿ, ಇವೆಲ್ಲ ಎಲ್ಲ ಊರಿನವರೂ ಬರೆದಿದ್ದಾರೆ. ಬಿಡೋಣ. ಹೆಂಗಸರ ಕಿಂಡಿ ಬಗ್ಗೆ ಮಾತ್ರ ಒಂದು ಮಾತು. ಗಂಡಸರ ಸಾಲು ಗೇಟು ದಾಟಿ ರಸ್ತೆಗೆ ಬಂದಿದ್ದರೂ ಹೆಂಗಸರ ಕಿಂಡಿ ಮುಂದೆ ಹತ್ತು ಜನ. ಬುರ್ಖಾದವರು, ಇಳಕಲ್ ಸೀರೆಯವರು, ಒಬ್ಬರ ಭುಜದ ಮೇಲೆ ಒಬ್ಬರು ಕೈ ಹಾಕಿ ಟಿಕೆಟ್ ತೆಗೆಯುತ್ತಿದ್ದರು. ಹಾಗಾಗಿ ದೊಡ್ಡ ಸಿನಿಮಾ ಬಂದಾಗ ಓಣಿಯ ಗಂಡಸರಿಗೆಲ್ಲ ನಮ್ಮ ಅವ್ವನ ಮೇಲೆ ಇದ್ದಕ್ಕಿದ್ದಂತೆ ಗೌರವ ಹೆಚ್ಚಾಗುತ್ತಿತ್ತು. "ವೈನಿ, ನಮಗೂ ಎರಡು ತಗೀರಿ."

ಟಾಕೀಸುಗಳನ್ನು ಕೊಂದದ್ದು ಯಾರು? ಟಿವಿ ಅನ್ನುತ್ತಾರೆ ಎಲ್ಲರೂ. ನಾನು ಒಪ್ಪುವುದಿಲ್ಲ. ಒಪ್ಪದಿರಲು ನಮ್ಮ ಊರಿನಲ್ಲೇ ಕಾರಣ ಇದೆ. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಹಳ್ಳಿಗಳಿಗೆ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಸೈಟ್ ಅನ್ನುವ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆ. ಶಾಲೆ ಕಟ್ಟೆ ಮೇಲೆ ಟಿವಿ ಇಟ್ಟು, ಛತ್ರಿಯ ಹಾಗಿರುವ ಜಾಲರಿ ಆಂಟೆನಾ ನೆಟ್ಟು, ಊರಿಗೆ ಊರೇ ಕೂತು ಬೀಜ ಗೊಬ್ಬರದ ಕಾರ್ಯಕ್ರಮ ನೋಡಿತು. 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ಕ್ಕೆ. ಒಂದು ವಿಷಯದಲ್ಲಾದರೂ ನಾವು ಮುಂದಿದ್ದೆವು! ಟಿವಿಯೇ ಕೊಲ್ಲುವುದಿದ್ದರೆ ನಮ್ಮ ಟಾಕೀಸು ಎಲ್ಲರಿಗಿಂತ ಮೊದಲು ಸಾಯಬೇಕಿತ್ತು. ಸಾಯಲಿಲ್ಲ. ನಾನು ಬಾಟ್ಲಿ ಉರುಳಿದ್ದು ಕೇಳಿದ್ದೇ ಅದಾದ ಎಷ್ಟೋ ವರ್ಷಕ್ಕೆ, ಹೌಸ್‌ಫುಲ್ ಹಾಲಿನಲ್ಲಿ. ಮದುವೆ ಮನೆಗಳಲ್ಲಿ ರಾತ್ರಿಯಿಡೀ ಬಾಡಿಗೆ ವಿಸಿಆರ್ ಓಡಿದಾಗಲೂ ಸಾಯಲಿಲ್ಲ. ಕೇಬಲ್ ಬಂದಾಗ ಸೊರಗಿತು, ಅಷ್ಟೇ.

ಕೊಂದದ್ದು ಕೆಳಗಿನ ಜಾಗ. ಟಾಕೀಸು ಕಟ್ಟುವಾಗ ಅದು ಊರ ಅಂಚು. ಊರು ಬೆಳೆದು ಅದು ನಟ್ಟನಡುವೆ ಬಂತು. ಸ್ಟೇಷನ್ನಿಗೂ ಬಜಾರಿಗೂ ಮಧ್ಯ ಅಷ್ಟು ಅಗಲದ ಜಾಗದಲ್ಲಿ ಮೂವತ್ತು ಜನಕ್ಕೆ ಮ್ಯಾಟ್ನಿ ತೋರಿಸುತ್ತಾ ಕೂರಲು ಯಾರ ಮಗನೂ ಒಪ್ಪುವುದಿಲ್ಲ. ಕಟ್ಟಿದವನಿಗೆ ಸಿನಿಮಾ ಹುಚ್ಚು ಇತ್ತು. ಅವನ ಮಗನಿಗೆ ಅಭ್ಯಾಸ ಇತ್ತು. ಮೊಮ್ಮಕ್ಕಳು ಐದು ಜನ. ಜಾಗ ಐದು ಪಾಲಾಗುತ್ತದೆ, ಪರದೆ ಐದು ಪಾಲಾಗುವುದಿಲ್ಲ. ಮಾಲೀಕರನ್ನು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾವೇನು ಟಿಕೆಟ್ ತಗೊಂಡು ಹೋಗುತ್ತಿದ್ದೆವಾ? ನಾನೇ ಕಡೆಯ ಐದಾರು ವರ್ಷ ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ಬಸ್ಸಿನಿಂದ ಪೋಸ್ಟರ್ ನೋಡಿ "ಇನ್ನೂ ನಡೀತಿದೆ" ಅಂತ ಸಮಾಧಾನ ಪಟ್ಟುಕೊಳ್ಳುತ್ತಿದ್ದೆ.

ಡಿಜಿಟಲ್ ಬಂದದ್ದು ಇನ್ನೊಂದು ವಿಚಿತ್ರ. ಡಬ್ಬಿ ಇಲ್ಲ, ರೈಲಿಲ್ಲ, ಸೈಕಲ್ಲಿಲ್ಲ. ಹಾರ್ಡ್‌ಡಿಸ್ಕ್, ಇಲ್ಲವೇ ನೇರ ಉಪಗ್ರಹದಿಂದ. ಬೆಂಗಳೂರಿನಲ್ಲಿ ಬಿಡುಗಡೆಯಾದ ಶುಕ್ರವಾರವೇ ಕಲಬುರಗಿಯಲ್ಲೂ, ಒಂದು ಗೀರೂ ಇಲ್ಲದ ಕನ್ನಡ ಸಿನಿಮಾ. ನಮ್ಮ ಚಿಗವ್ವ ಬಯಸಿದ ಹೊಸ ಸೀರೆ ಕೊನೆಗೂ ಬಂತು. ಉಡುವುದಕ್ಕೆ ಹಾಲೇ ಉಳಿಯಲಿಲ್ಲ. ಹಳೇ ಮಷಿನ್ನುಗಳು ಗುಜರಿಗೆ ತೂಕದ ಮೇಲೆ ಹೋದವು. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮೂರಿನದೇ. ಆ ವಾರವೇ ರಾಜ್ಯದ ಟಾಕೀಸೆಲ್ಲ ಬಂದ್. ಅಕ್ಟೋಬರ್ 15ರಿಂದ ಅರ್ಧ ಸೀಟಿಗೆ ತೆರೆಯಬಹುದು ಅಂದರು. ನಮ್ಮದಕ್ಕೆ ಅದರ ಗರಜು ಬೀಳಲಿಲ್ಲ. ಅದು ಅಷ್ಟೊತ್ತಿಗಾಗಲೇ ಬೇರೆ ಏನೋ ಆಗಿತ್ತು.

ಈಗ ಯಾವ ಊರಿಗೆ ಹೋದರೂ, ಬೀದರ್ ಆಗಲಿ ಯಾದಗಿರಿ ಆಗಲಿ, ಸತ್ತ ಟಾಕೀಸು ಹುಡುಕುವುದು ನನಗೊಂದು ಚಟ. ಬೋರ್ಡು ನೋಡಿದರೆ ಸಿಗುವುದಿಲ್ಲ. ಬೋರ್ಡಿನಲ್ಲಿ ಗೋಡೌನು, ಫರ್ನಿಚರ್ ಮಾರ್ಟ್, ಪಾರ್ಕಿಂಗ್ ಅಂತ ಇರುತ್ತದೆ. ಹಿಂದುಗಡೆ ಹೋಗಬೇಕು. ಕಿಟಕಿಯೇ ಇಲ್ಲದ ಎತ್ತರದ ಗೋಡೆ. ಆ ಗೋಡೆಗೆ ಎಲ್ಲಿಗೂ ಹೋಗದ ಒಂದು ಕಬ್ಬಿಣದ ಮೆಟ್ಟಿಲು. ಒಳಗೆ ಹೋಗಲು ಬಿಟ್ಟರೆ, ಮೇಲೆ ಸಾಲಾಗಿ ಚೌಕದ ಕಿಂಡಿ, ಈಗ ಸಿಮೆಂಟ್ ಮೆತ್ತಿರುತ್ತಾರೆ. ಮೆತ್ತಿದ ಚೌಕ ಬಣ್ಣದ ಕೆಳಗೂ ಎದ್ದು ಕಾಣುತ್ತದೆ.

ನಮ್ಮ ಟಾಕೀಸು ಈಗ ಫಂಕ್ಷನ್ ಹಾಲ್. ಮೊನ್ನೆ ಸೋದರಮಾವನ ಮೊಮ್ಮಗಳ ಮದುವೆ ಅಲ್ಲೇ. ಪರದೆ ಇದ್ದ ಕಡೆ ಈಗ ಹೂವಿನ ಸ್ಟೇಜು, ವಧು ವರರ ಸಿಂಹಾಸನ. ಬಾಲ್ಕನಿಯಲ್ಲಿ ಊಟ. ಶಹಾಬಾದ್ ಕಲ್ಲು ಕಾಣುವುದಿಲ್ಲ, ಮುರುಮ್ ತುಂಬಿ ಮೇಲೆ ಹೊಳೆಯುವ ಟೈಲ್ಸ್ ಹಾಕಿದ್ದಾರೆ. ನಾನು ಹಿಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದೆ. ನೀರು ಕೊಡುವ ಹುಡುಗನ ತಾಟಿನಿಂದ ಒಂದು ಸ್ಟೀಲ್ ಗ್ಲಾಸು ಜಾರಿತು. ಬಿದ್ದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಉರುಳತೊಡಗಿತು. ಕುರ್ಚಿಗಳ ಕೆಳಗೆ, ಮಕ್ಕಳ ಕಾಲ ಸಂದಿನಲ್ಲಿ, ಸ್ಟೇಜಿನ ಕಡೆಗೆ. ಹುಡುಗ ಹಿಂದೆ ಓಡಿದ. ಶಾಸ್ತ್ರ ನಡೆಯುತ್ತಿತ್ತು, ಬ್ಯಾಂಡಿನ ಸದ್ದು, ಯಾರೂ ನೋಡಲಿಲ್ಲ.

ಹೊರಡುವಾಗ ಹಾಲಿನ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನೆಲ ಇನ್ನೂ ಇಳಿಜಾರಾಗೇ ಇದೆಯಲ್ಲ ಅಂದೆ.

"ಹೌದ್ರಿ ಅಂಕಲ್" ಅಂದ. "ಬೇಕಂತ್ಲೇ ಹಂಗ್ ಬಿಟ್ಟಾರ. ಫಂಕ್ಷನ್ ಮುಗಿದ ಮ್ಯಾಲ ಹಿಂದಿಂದ ಪೈಪ್ ಹಿಡದ್ರ ನೀರು ತಾನೇ ಮುಂದ ಹರಕೊಂಡ್ ಹೋಗ್ತದ. ತೊಳೀಲಾಕ ಬಾಳ ಚೊಲೋ."